ಚಿಂಚಿಲಾ ತರುವ ಮೊದಲು ಅದರ ಕಾಗದ ಕೇಳಿ

ನವಿ ಮುಂಬಯಿಯ ನೆರೂಳಿನ ಸೊಸೈಟಿಗಳಲ್ಲಿ ಇತ್ತೀಚೆಗೆ ಮಕ್ಕಳು ಹಟ ಹಿಡಿಯುವುದು ನಾಯಿಮರಿಗಾಗಿ ಮಾತ್ರವಲ್ಲ. ಅಳಿಲಿನಂಥ ಬಾಲ, ದುಂಡನೆಯ ಕಿವಿ, ಮುಟ್ಟಿದರೆ ಬೆರಳು ಹುದುಗುವಷ್ಟು ದಟ್ಟವಾದ ಬೂದು ತುಪ್ಪಳ, ನೀರಿನ ಬದಲು ಧೂಳಿನಲ್ಲಿ ಹೊರಳಾಡಿ ಸ್ನಾನ ಮಾಡುವ ಪುಟ್ಟ ಪ್ರಾಣಿ. ಮೊಬೈಲಿನಲ್ಲಿ ಅದನ್ನು ಕಂಡ ಮಕ್ಕಳು ಮರುದಿನವೇ ತಂದುಕೊಡಿ ಎನ್ನುತ್ತಾರೆ. ಹೆತ್ತವರು ಎರಡು ಪ್ರಶ್ನೆ ಕೇಳುತ್ತಾರೆ: ಬೆಲೆ ಎಷ್ಟು, ಸೊಸೈಟಿಯವರು ಬಿಡುತ್ತಾರೋ ಇಲ್ಲವೋ. ಇವೆರಡಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಪ್ರಾಣಿ ಭಾರತದೊಳಗೆ ಬಂದದ್ದು ಹೇಗೆ?

ಚಿಂಚಿಲಾ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ್ದು. ಅದರ ತುಪ್ಪಳಕ್ಕಾಗಿ ನಡೆದ ಬೇಟೆ ಎಷ್ಟು ಭೀಕರವಾಗಿತ್ತೆಂದರೆ, 1910ರಲ್ಲೇ ಚಿಲಿ, ಅರ್ಜೆಂಟೀನಾ, ಪೆರು, ಬೊಲಿವಿಯಾ ದೇಶಗಳು ಅದನ್ನು ತಡೆಯಲು ಒಪ್ಪಂದ ಮಾಡಿಕೊಳ್ಳಬೇಕಾಯಿತು. 1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಗಣಿ ಎಂಜಿನಿಯರ್ ಹನ್ನೊಂದು ಚಿಂಚಿಲಾಗಳನ್ನು ಅಮೆರಿಕಕ್ಕೆ ಒಯ್ದು ಸಾಕಣೆ ಶುರುಮಾಡಿದ. ಇಂದು ಮನೆಗಳಲ್ಲಿರುವವು ಹೀಗೆ ಸಾಕಣೆಯಲ್ಲಿ ಬೆಳೆದ ತಳಿಗಳು. ಕಾಡಿನಲ್ಲಿ ಉಳಿದಿರುವವು ಈಗಲೂ ಅಳಿವಿನಂಚಿನಲ್ಲಿವೆ.

ಕಾನೂನಿನ ತೊಡಕು ಶುರುವಾಗುವುದು ಈ ಎರಡು ಬಗೆಗಳ ನಡುವೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದಕ್ಕೆ ಭಾರತ 1976ರಿಂದ ಬದ್ಧವಾಗಿದೆ. ಚಿಂಚಿಲಾ ಕುಲವನ್ನು ಅದು ಅತ್ಯಂತ ಕಟ್ಟುನಿಟ್ಟಿನ ಒಂದನೇ ಅನುಬಂಧದಲ್ಲಿ ಇಟ್ಟಿದೆ. ಆದರೆ ಸಾಕುತಳಿಗೆ ಒಪ್ಪಂದದ ನಿಯಮ ಅನ್ವಯಿಸದು ಎಂದೂ ಹೇಳಿದೆ. ಮಾರುವವರು ಈ ಎರಡನೇ ಮಾತನ್ನಷ್ಟೇ ಹಿಡಿದುಕೊಂಡು, ‘ಏನೂ ತೊಂದರೆ ಇಲ್ಲ, ಇದು ಲೀಗಲ್’ ಎಂದು ಧೈರ್ಯ ಹೇಳುತ್ತಾರೆ. ಆ ಧೈರ್ಯವನ್ನು ನಂಬಿ ಹಣ ಕೊಡಬೇಡಿ. ವಿನಾಯಿತಿ ಇರುವುದು ಸಾಕುತಳಿಗೆ, ಕದ್ದು ತಂದದ್ದಕ್ಕೆ ಅಲ್ಲ. ಸಾಕುತಳಿಯೇ ಆದರೂ ಜೀವಂತ ಪ್ರಾಣಿಯನ್ನು ವಿದೇಶದಿಂದ ತರಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು, ಪಶು ಕ್ವಾರಂಟೈನ್ ವಿಭಾಗದ ತಪಾಸಣೆ ಆಗಬೇಕು, ಕಸ್ಟಮ್ಸಿಗೆ ಘೋಷಿಸಿರಬೇಕು. ಇವಿಲ್ಲದೆ ಸೂಟ್‌ಕೇಸಿನಲ್ಲಿ ಬಂದ ಪ್ರಾಣಿ 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಜಪ್ತಿಗೆ ಅರ್ಹವಾದ ಕಳ್ಳಮಾಲು.

ಸೂಟ್‌ಕೇಸ್ ಎಂದದ್ದು ಉತ್ಪ್ರೇಕ್ಷೆಯಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕನ ಲಗೇಜಿನಲ್ಲಿ 10 ಹಳದಿ ಅನಕೊಂಡಾಗಳು ಸಿಕ್ಕವು. 2025ರ ಬೇಸಿಗೆಯ ಕೊನೆಗೆ ಮುಂಬಯಿ ವಿಮಾನನಿಲ್ದಾಣದಲ್ಲಿ ಥಾಯ್ಲೆಂಡಿನಿಂದ ಬಂದವನೊಬ್ಬನ ಬ್ಯಾಗಿನಲ್ಲಿ 47 ವಿಷಹಾವುಗಳಿದ್ದವು. ಹಾವಾಗಲಿ, ಮಂಗವಾಗಲಿ, ಮೆತ್ತನೆಯ ಮೂಷಿಕವಾಗಲಿ, ಗಾಳಿಯಿಲ್ಲದ ಆ ಚೀಲದಲ್ಲಿ ಎಲ್ಲದರ ಪಾಡೂ ಒಂದೇ. ಎಷ್ಟೋ ಜೀವಿಗಳು ದಾರಿಯಲ್ಲೇ ಸಾಯುತ್ತವೆ. ನಾವು ಅಂಗಡಿಯಲ್ಲಿ ಕೊಡುವ ಹಣ ಮುಂದಿನ ಚೀಲಕ್ಕೆ ಬಂಡವಾಳವಾಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ದೊಡ್ಡ ತಿದ್ದುಪಡಿ ಬಂತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಅದಕ್ಕೆ ಮೊದಲು ಕಾಯ್ದೆಯ ಗಮನ ಮುಖ್ಯವಾಗಿ ನಮ್ಮ ದೇಶದ ಪ್ರಾಣಿಗಳ ಮೇಲಿತ್ತು. ಈಗ ಸೈಟ್ಸ್ ಪಟ್ಟಿಯ ವಿದೇಶಿ ಜೀವಿಗಳಿಗೂ ನಾಲ್ಕನೇ ಅನುಸೂಚಿ ಎಂಬ ಪ್ರತ್ಯೇಕ ಜಾಗ ಸಿಕ್ಕಿದೆ. 49ಎಂ ಕಲಮಿನ ಪ್ರಕಾರ ಈ ಅನುಸೂಚಿಯ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ಸರಕಾರಕ್ಕೆ ತಿಳಿಸಬೇಕು. ಒಂದನೇ ಅನುಬಂಧದ ಜೀವಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ 51ನೇ ಕಲಮಿನಲ್ಲಿ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ದಂಡ 25,000 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ. ನಿಮ್ಮ ಮನೆಯ ಚಿಂಚಿಲಾ ಸಾಕುತಳಿಯದೋ ಕಾಡಿನದೋ ಎಂದು ಅಧಿಕಾರಿ ಕೇಳಿದಾಗ ‘ನೋಡಿದರೇ ಗೊತ್ತಾಗುತ್ತದಲ್ಲ ಸಾರ್’ ಎಂದರೆ ಸಾಲದು, ಕಾಗದ ತೋರಿಸಬೇಕು.

ಈಗ ಆ ಕಾಗದ ಯಾವುದು ಎಂದು ನೋಡೋಣ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು ಅಂಗೈಯಗಲದ ಒಂದು ಚೀಟಿ: ತಾರೀಕು, ‘ಪೆಟ್ 1’, ಮೊತ್ತ, ಕೆಳಗೆ ಗೀಚಿದ ಸಹಿ. ಎಷ್ಟೋ ಬಾರಿ ಅದೂ ಇಲ್ಲ, ಯುಪಿಐ ಮೆಸೇಜೇ ರಸೀದಿ. ಇದರಿಂದ ಏನೂ ಸಾಬೀತಾಗದು. ಬಿಲ್ಲಿನಲ್ಲಿ ಪ್ರಾಣಿಯ ಹೆಸರು, ಲಿಂಗ, ವಯಸ್ಸು, ಮಾರಿದವರ ಪೂರ್ಣ ವಿಳಾಸ ಇರಬೇಕು. ಇಲ್ಲೇ ಹುಟ್ಟಿದ ಮರಿಯಾದರೆ ಅದನ್ನು ಬೆಳೆಸಿದವರ ಲಿಖಿತ ಘೋಷಣೆ ಮತ್ತು ತಾಯಿ-ತಂದೆ ಪ್ರಾಣಿಗಳ ಆಮದು ದಾಖಲೆಯ ಪ್ರತಿ ಬೇಕು. ಪಶುವೈದ್ಯರ ಆರೋಗ್ಯ ಪತ್ರವೂ ಜೊತೆಗಿರಲಿ. ‘ಅದೆಲ್ಲ ಆಮೇಲೆ ವಾಟ್ಸಾಪ್ ಮಾಡುತ್ತೇನೆ’ ಎಂದರೆ ಮಗುವಿನ ಕೈಹಿಡಿದು ಹೊರಗೆ ಬನ್ನಿ.

ಅಂಗಡಿಗೂ ನೋಂದಣಿ ಕಡ್ಡಾಯ. 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸದೆ ಸಾಕುಪ್ರಾಣಿ ಮಾರುವಂತಿಲ್ಲ. ಇದು ಕ್ರಾಫರ್ಡ್ ಮಾರ್ಕೆಟ್ಟಿನ ಅಂಗಡಿಗೂ ಅಷ್ಟೇ, ನಮ್ಮ ಸ್ಟೇಷನ್ ಹತ್ತಿರದ ಅಂಗಡಿಗೂ ಅಷ್ಟೇ. ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಸಂಶಯವಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಿ ರಾಜ್ಯದ ಪಶುಸಂಗೋಪನಾ ಇಲಾಖೆಗೆ ಕಳಿಸಿ, ಇಂಥ ಅಂಗಡಿಗೆ ನೋಂದಣಿ ಇದೆಯೇ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಈಗಾಗಲೇ ಮನೆಯಲ್ಲಿ ಪ್ರಾಣಿ ಇದ್ದವರು ಹೆದರಿ ಅಡಗಿಸಿಡುವುದು ತಪ್ಪು ದಾರಿ. 2024ರ ಫೆಬ್ರವರಿ ಕೊನೆಯಲ್ಲಿ ಕೇಂದ್ರ ಸರಕಾರ ಜೀವಂತ ಪ್ರಾಣಿಗಳ ವರದಿ ಮತ್ತು ನೋಂದಣಿ ನಿಯಮಗಳನ್ನು ಹೊರಡಿಸಿತು. ಆಗ ಇದ್ದ ಪ್ರಾಣಿಗಳಿಗೆ ಆರು ತಿಂಗಳ ಗಡುವು ಇತ್ತು. ನಂತರ ಬಂದವಕ್ಕೆ ಕೈಸೇರಿದ 30 ದಿನದೊಳಗೆ ‘ಪರಿವೇಶ್ 2.0’ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮರಿ ಹುಟ್ಟಿದರೂ, ಪ್ರಾಣಿ ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ನಿಮ್ಮದು ಸಾಕುತಳಿಯ ವಿನಾಯಿತಿಯಲ್ಲಿ ಬರುತ್ತದೆ ಎಂದು ನಿಮಗನಿಸಿದರೆ, ಇರುವ ದಾಖಲೆಗಳನ್ನು ಲಗತ್ತಿಸಿ ಮುಖ್ಯ ವನ್ಯಜೀವಿ ಪಾಲಕರ ಕಚೇರಿಗೆ ಪತ್ರ ಬರೆದು ಲಿಖಿತ ಉತ್ತರ ಪಡೆಯಿರಿ. ಮಹಾರಾಷ್ಟ್ರದಲ್ಲಿ ಆ ಕಚೇರಿ ನಾಗಪುರದಲ್ಲಿದೆ. ನಮ್ಮವರು ಠಾಣೆ ಅರಣ್ಯ ವಿಭಾಗದ ಮೂಲಕವೂ ಕಳಿಸಬಹುದು. ಗಡುವು ಮೀರಿದ್ದರೆ ವಕೀಲರೊಬ್ಬರನ್ನು ಕೇಳಿಯೇ ಮುಂದುವರಿಯಿರಿ.

ಸೊಸೈಟಿಯ ಜಗಳಕ್ಕೆ ನೆರೂಳು ಹೊಸದಲ್ಲ. ಎನ್‌ಆರ್‌ಐ ಕಾಂಪ್ಲೆಕ್ಸ್ ಎಂದೇ ಜನ ಕರೆಯುವ ಸೀವುಡ್ಸ್ ಎಸ್ಟೇಟ್ಸಿನಲ್ಲಿ ಬೀದಿನಾಯಿಗಳಿಗೆ ಊಟ ಹಾಕಿದ ನಿವಾಸಿಯೊಬ್ಬರ ಮೇಲಿನ ದಂಡ 2021ರ ಡಿಸೆಂಬರ್ ಹೊತ್ತಿಗೆ 8 ಲಕ್ಷ ರೂಪಾಯಿ ಮುಟ್ಟಿದ್ದು ದೇಶವೆಲ್ಲ ಸುದ್ದಿಯಾಗಿತ್ತು. ಅಲ್ಲಿನ ನಾಯಿ ವಿವಾದ ಬಾಂಬೆ ಹೈಕೋರ್ಟಿನವರೆಗೂ ಹೋಯಿತು. ಮನೆಯೊಳಗಿನ ಸಾಕುಪ್ರಾಣಿಯ ವಿಷಯ ಅಷ್ಟು ಗೋಜಲಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ, ಬಹುಮತದ ಠರಾವು ಮಾಡಿದರೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಕೇರಳ ಹೈಕೋರ್ಟ್ 2021ರಲ್ಲಿ ಅಂಥ ಬೈಲಾಗಳನ್ನೇ ಕಾನೂನುಬಾಹಿರ ಎಂದಿತು. ಕಮಿಟಿಯವರು ನೋಟಿಸ್ ಕೊಟ್ಟರೆ ಬಾಯಿಮಾತಿನ ಜಗಳಕ್ಕೆ ಇಳಿಯದೆ ಲಿಖಿತ ಉತ್ತರ ಕೊಡಿ, ಒಪ್ಪದಿದ್ದರೆ ಸಹಕಾರ ಇಲಾಖೆಯ ನಿಬಂಧಕರಿಗೆ ದೂರು ಕೊಡಿ. ಬಾಡಿಗೆಗೆ ಇರುವವರು ಮಾತ್ರ ಲೀವ್ ಅಂಡ್ ಲೈಸೆನ್ಸ್ ಕರಾರನ್ನು ಮೊದಲು ಓದಬೇಕು. ‘ಪ್ರಾಣಿ ಸಾಕುವಂತಿಲ್ಲ’ ಎಂಬ ಷರತ್ತಿಗೆ ಸಹಿ ಹಾಕಿದ್ದರೆ ಮನೆಮಾಲೀಕರ ಜೊತೆಗಿನ ತಕರಾರಿನಲ್ಲಿ ನಿಮ್ಮ ಪಕ್ಷ ದುರ್ಬಲ.

ಇನ್ನು ನನಗೆ ಹೆಚ್ಚು ಚಿಂತೆ ಹುಟ್ಟಿಸುವ ಮಾತು, ನಮ್ಮ ಸೆಖೆ. ಆಂಡಿಸಿನ ಒಣ ಚಳಿಗೆಂದು ಬೆಳೆದ ತುಪ್ಪಳ ಅದು. ಒಂದೇ ರಂಧ್ರದಿಂದ ಹತ್ತಾರು ಕೂದಲು ಹೊರಡುತ್ತವೆ. ಉಷ್ಣತೆ 25 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ ಶುರು. ನೆರೂಳಿನಲ್ಲಿ ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋಗಿ ಏಸಿ ನಿಂತಿತು ಎಂದುಕೊಳ್ಳಿ. ಮೊದಲು ಕಿವಿಗಳು ಕೆಂಪಾಗುತ್ತವೆ, ಆಮೇಲೆ ಉಸಿರು ಜೋರಾಗುತ್ತದೆ, ಸ್ವಲ್ಪ ಹೊತ್ತಿಗೆ ಪ್ರಾಣಿ ಗೂಡಿನ ಮೂಲೆಯಲ್ಲಿ ಮಗ್ಗುಲಾಗಿ ಮಲಗಿಬಿಡುತ್ತದೆ. ಅದು ನಿದ್ದೆಯಲ್ಲ, ಉಷ್ಣಾಘಾತ. ಮಳೆಗಾಲದ ತೇವವೂ ಅದಕ್ಕೆ ಆಗದು. ಹದಿನೈದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುವ ಜೀವಿಗೆ ಅಷ್ಟೂ ವರ್ಷ ಈ ತಂಪು ಒದಗಿಸುವ ಶಕ್ತಿ ಇಲ್ಲದವರು ತರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನೂ ಇದನ್ನೇ ಹೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಕಲಂ ಪ್ರಾಣಿಯ ಯೋಗಕ್ಷೇಮವನ್ನು ಸಾಕುವವರ ಕರ್ತವ್ಯವಾಗಿಸಿದೆ. ಅಲುಗಾಡಲೂ ಜಾಗವಿಲ್ಲದ ಗೂಡು, ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು, ಸಾಕಿ ಬೀದಿಗೆ ಬಿಡುವುದು, ಇವೆಲ್ಲ 11ನೇ ಕಲಮಿನ ಅಪರಾಧಗಳು. ಮೊದಲ ತಪ್ಪಿಗೆ ದಂಡ ಇಂದಿಗೂ 10ರಿಂದ 50 ರೂಪಾಯಿ! ಒಂದು ವಡಾಪಾವ್ ಬೆಲೆಗೆ ಕ್ರೌರ್ಯ ಮಾಫಿಯಾಗುವ ಈ ಕಲಮನ್ನು ಸಂಸತ್ತು ಎಂದೋ ಬದಲಿಸಬೇಕಿತ್ತು. ಆದರೆ ಬೇಕೆಂದೇ ಪ್ರಾಣಿಯನ್ನು ಕೊಂದರೆ ಅಥವಾ ಅಂಗಹೀನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ 5 ವರ್ಷದವರೆಗೆ ಶಿಕ್ಷೆಯಿದೆ. ನೆರೆಮನೆಯಲ್ಲಿ ಇಂಥದ್ದು ಕಂಡರೆ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಕೊಂಡ ವಾರದಲ್ಲೇ ಪ್ರಾಣಿ ಕಾಯಿಲೆ ಬಿದ್ದರೆ? ಪಶುವೈದ್ಯರ ವರದಿ, ಬಿಲ್ಲು, ಮಾರಾಟಗಾರರ ಜೊತೆಗಿನ ಮೆಸೇಜುಗಳು, ಇವನ್ನೆಲ್ಲ ತೆಗೆದಿಟ್ಟುಕೊಂಡು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ಅಂಗಡಿ ಮುಂಬಯಿಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕುವ ಹಕ್ಕು ಈ ಕಾಯ್ದೆ ಕೊಟ್ಟಿದೆ. ಅವಧಿ 2 ವರ್ಷ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲು 1915ಕ್ಕೆ ಕರೆ ಮಾಡಿ ರಾಜಿಗೆ ಪ್ರಯತ್ನಿಸಬಹುದು. ಬಿಲ್ಲೇ ಇಲ್ಲದ ಕದ್ದುಮುಚ್ಚಿದ ವ್ಯಾಪಾರವಾದರೆ ಆಯೋಗದ ಮುಂದೆ ನಿಂತವರಿಗೇ ಪ್ರಶ್ನೆಗಳು ಎದುರಾಗುತ್ತವೆ.

ಸಾಕಲಾಗದು ಎನಿಸಿದಾಗ ಪಾಮ್ ಬೀಚ್ ರಸ್ತೆಯ ಆಚೆಯ ಕಾಂದಳಕಾಡಿನಲ್ಲೋ ಪಾರ್ಸಿಕ್ ಗುಡ್ಡದಲ್ಲೋ ಬಿಟ್ಟುಬರುವ ಯೋಚನೆ ಬೇಡ. ಅಲ್ಲಿ ಚಿಂಚಿಲಾ ಒಂದು ದಿನವೂ ಉಳಿಯದು, ಬಿಟ್ಟವರ ಮೇಲೆ ಪ್ರಕರಣವಾಗುತ್ತದೆ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926. ಕಳ್ಳಸಾಗಣೆಯ ಸುಳಿವು ಸಿಕ್ಕರೆ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊಗೂ ತಿಳಿಸಬಹುದು. ವಕೀಲರ ಶುಲ್ಕ ಭರಿಸಲಾಗದವರು ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಈ ನೆರವು ಉಚಿತ.