ಹರಿಯುವ ಕೈಗೊಂದು ಕೆಲಸ

ಪ್ರಶ್ನೆ: ಮಗಳಿಗೆ ಎಂಟು ತಿಂಗಳು. ಪುಟ್ಟ ಮಕ್ಕಳು ಬಣ್ಣದಲ್ಲಿ ಆಡುವ ವಿಡಿಯೊ ನೋಡಿ ನಾನೂ ಡಬ್ಬಿ ತಂದೆ. ಕೈಗೆ ಹಚ್ಚಿದ್ದೇ ತಡ, ಬಾಯಿಗೆ ಹೋಯಿತು. ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’ ಎಂದಿದ್ದರೂ ಭಯ. ಈ ವಯಸ್ಸಿಗೆ ಇದೆಲ್ಲ ಬೇಡವೇ ಮೇಡಂ?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ಆಟ ಬೇಕು, ಬಣ್ಣ ಮಾತ್ರ ಅಡುಗೆಮನೆಯಿಂದ ಬರಲಿ. ಡಬ್ಬಿಯ ಮೇಲಿನ ಆ ಮಾತಿಗೆ ಸ್ವಲ್ಪ ನಾಲಿಗೆಗೆ ತಾಗಿದರೆ ಗಾಬರಿ ಬೇಡ ಎಂದಷ್ಟೇ ಅರ್ಥ, ತಿನ್ನಬಹುದು ಎಂದಲ್ಲ. ಎಂಟು ತಿಂಗಳ ಮಗುವಿಗೆ ಬಾಯಿಯೂ ಒಂದು ಕೈಯೇ. ಅದನ್ನು ತಡೆಯಲು ಹೋದರೆ ಇಬ್ಬರಿಗೂ ಅಳು.

ಎರಡು ಚಮಚ ಅಕ್ಕಿಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಗಂಜಿಯಂತೆ ದಪ್ಪಗಾದಾಗ ಇಳಿಸಿ. ಪೂರ್ತಿ ಆರಿದ ಮೇಲೆ ಒಂದು ಬಟ್ಟಲಿಗೆ ಬೀಟ್‌ರೂಟ್ ಬೇಯಿಸಿದ ನೀರು, ಇನ್ನೊಂದಕ್ಕೆ ಬೇಯಿಸಿ ಅರೆದ ಪಾಲಕ್ ಬೆರೆಸಿ. ಮೂರನೆಯದು ಬಿಳಿಯಾಗಿಯೇ ಇರಲಿ. ಮಗು ಈಗಾಗಲೇ ತಿಂದು ಒಗ್ಗಿದ ಪದಾರ್ಥವನ್ನೇ ಬಳಸಿ. ಉಪ್ಪು, ಸಕ್ಕರೆ ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ಬಾಯಿಗೆ ತಾಗಿಸಲೇಬೇಡಿ.

ಕಾಗದದ ಬದಲು ದೊಡ್ಡ ಸ್ಟೀಲ್ ತಟ್ಟೆ ಇಡಿ. ಮಗು ಮೊದಲು ತಟ್ಟೆಯೊಳಗೆ ಕಾಣುವ ಮುಖಕ್ಕೆ ಬಡಿಯುತ್ತದೆ. ಗಂಜಿ ಸವರಿ ಆ ಮುಖ ಮಾಯವಾದಾಗ ಕೈ ಎತ್ತಿಕೊಂಡು ನಿಮ್ಮ ಕಡೆ ನೋಡುತ್ತದೆ. ಹತ್ತು ನಿಮಿಷದ ಆಟ ಅಷ್ಟೇ. ಚಿತ್ರ ಬೇಕೆಂದರೆ ಕೊನೆಗೆ ತಟ್ಟೆಯ ಮೇಲೊಂದು ದಪ್ಪ ಹಾಳೆ ಒತ್ತಿ ತೆಗೆಯಿರಿ. ಅದು ನಿಮಗಾಗಿ, ಮಗುವಿಗೆ ಅದರ ಗೊಡವೆ ಇಲ್ಲ.

ಪ್ರಶ್ನೆ: ಒಂದೂವರೆ ವರ್ಷದ ಮಗ ಸಿಕ್ಕಿದ್ದೆಲ್ಲ ಹರಿಯುತ್ತಾನೆ. ಮೊನ್ನೆ ಕರೆಂಟ್ ಬಿಲ್, ನಿನ್ನೆ ಪಂಚಾಂಗ. ಬೈದರೆ ನಗುತ್ತಾನೆ. ಇವನ ಕೈಲಿ ಏನಾದರೂ ಮಾಡಿಸಲು ಸಾಧ್ಯವೇ?
— ಒಬ್ಬ ತಂದೆ, ದಾವಣಗೆರೆ

ಉತ್ತರ: ಮಾಡಿಸುವುದೇನು, ಮಾಡುತ್ತಲೇ ಇದ್ದಾನಲ್ಲ ಸಾರ್! ಒಂದು ಕೈ ಆಚೆ, ಒಂದು ಕೈ ಈಚೆ ಎಳೆದು, ಎರಡು ಬೆರಳಿನ ನಡುವೆ ಹಾಳೆಯ ಅಂಚು ಹಿಡಿಯುವುದು ಆ ವಯಸ್ಸಿಗೆ ದೊಡ್ಡ ಹುನ್ನರು. ಯಾವ ಕ್ರಾಫ್ಟ್ ಮಾಡಿಸಲಿ ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ: ಕೈ ಈಗ ತಾನಾಗಿ ಏನು ಮಾಡುತ್ತಿದೆ ನೋಡಿ, ಅದಕ್ಕೇ ಸಾಮಾನು ಒದಗಿಸಿ. ಪಂಚಾಂಗ ಮೇಲೆ ಎತ್ತಿಡಿ. ಖಾಲಿ ನೋಟ್‌ಬುಕ್ಕಿನ ಹಾಳೆ, ಹಳೆಯ ಲಗ್ನಪತ್ರಿಕೆ, ಬೇಕರಿಯ ಕಂದು ಕವರು ಒಂದು ಬುಟ್ಟಿಗೆ ಹಾಕಿ ಅವನಿಗೇ ಬಿಟ್ಟುಕೊಡಿ. ಲಗ್ನಪತ್ರಿಕೆ ಗಟ್ಟಿ ಇರುವುದರಿಂದ ನೀವು ಅಂಚಿನಲ್ಲಿ ಸ್ವಲ್ಪ ಸೀಳಿ ಕೊಡಬೇಕು. ಬೆಳಿಗ್ಗೆ ದಂಟಿನ ಸೊಪ್ಪು ಬಿಡಿಸುವಾಗಲೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅರ್ಧ ಸೊಪ್ಪು ನೆಲಕ್ಕೆ ಹೋಗುತ್ತದೆ, ಹೋಗಲಿ.

ಹರಿದದ್ದನ್ನು ಅಂಟಿಸಲು ಒಂದು ಚಮಚ ಮೈದಾ, ಅರ್ಧ ಲೋಟ ನೀರು ಬೇಯಿಸಿದ ಅಂಟು ಸಾಕು. ಬುಕ್ ಬೈಂಡಿಂಗ್ ಅಂಗಡಿಯಿಂದ ಮಾತ್ರ ತರಬೇಡಿ. ಹುಳ ಬೀಳದಿರಲೆಂದು ಅದಕ್ಕೆ ಮೈಲುತುತ್ತ ಹಾಕಿರುತ್ತಾರೆ, ಅದು ವಿಷ. ರಟ್ಟಿನ ಮೇಲೆ ಅಂಟನ್ನು ನೀವು ಸವರಿ, ತುಂಡುಗಳನ್ನು ಅವನು ಬಡಿಯಲಿ. ಅದು ಆನೆಯಾಗಬೇಕು, ನವಿಲಾಗಬೇಕು ಎಂಬ ಆಸೆ ಬಿಡಿ.

ಪ್ರಶ್ನೆ: ಚಿತ್ರದ ಗೆರೆಯೊಳಗೆ ಬೇಳೆಕಾಳು ಅಂಟಿಸುವ ವಿಡಿಯೊ ಎಲ್ಲರೂ ಕಳಿಸುತ್ತಿದ್ದಾರೆ. ಎರಡೂವರೆ ವರ್ಷದ ಮಗಳಿಗೆ ಮಾಡಿಸಬಹುದೇ?
— ಒಬ್ಬ ತಾಯಿ, ತುಮಕೂರು

ಉತ್ತರ: ಬೇಡ. ಇದು ನಾನೇ ಮಾಡಿದ ತಪ್ಪು. ಶಿಶುವಿಹಾರದಲ್ಲಿ ಮಕ್ಕಳನ್ನು ಸುತ್ತ ಕೂರಿಸಿ, ನವಿಲಿನ ಚಿತ್ರಕ್ಕೆ ಹೆಸರುಕಾಳು, ಕಡಲೆಕಾಳು ಅಂಟಿಸಲು ಕೊಟ್ಟಿದ್ದೆ. ಒಬ್ಬ ಹುಡುಗ ಸದ್ದಿಲ್ಲದೆ ಒಂದು ಕಡಲೆಯನ್ನು ಮೂಗಿಗೆ ಏರಿಸಿಕೊಂಡ. ಮನೆಯವರಿಗೆ ಗೊತ್ತಾದದ್ದು ರಾತ್ರಿ, ಡಾಕ್ಟರು ತೆಗೆದದ್ದು ಮರುದಿನ. ಅಷ್ಟರಲ್ಲಿ ಅದು ಊದಿಕೊಂಡಿತ್ತು. ನೆನೆದ ಕಡಲೆ ಎಷ್ಟು ದಪ್ಪಗಾಗುತ್ತದೆಂದು ಉಸಲಿ ಮಾಡುವ ಯಾರಿಗೆ ಗೊತ್ತಿಲ್ಲ? ನನಗೆ ಆ ದಿನ ಹೊಳೆಯಲಿಲ್ಲ.

ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸುವಾಗ 3.17 ಸೆಂ.ಮೀ. ಅಗಲದ ಕೊಳವೆಯೊಂದನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಕೂರುವ ಚೂರು ಗಂಟಲಿಗೆ ಸಿಕ್ಕೀತು ಎಂದು ಲೆಕ್ಕ. ಮನೆಯಲ್ಲಿ ಟಿಶ್ಯೂ ರೋಲಿನ ರಟ್ಟಿನ ಕೊಳವೆಯಲ್ಲಿ ಅಳೆಯಿರಿ. ಅದು ಇನ್ನೂ ಸ್ವಲ್ಪ ಅಗಲ, ಒಳ್ಳೆಯದೇ. ಹುಣಸೆಬೀಜ, ಮಣಿ, ಅಂಗಿ ಗುಂಡಿ, ನೀರಿನ ಬಾಟಲಿಯ ಮುಚ್ಚಳ ಎಲ್ಲವೂ ಇದರಲ್ಲಿ ಫೇಲು. ಗುಲಗಂಜಿ, ಹರಳುಬೀಜ ಅಗಿದರೆ ವಿಷ ಬೇರೆ. ಹಾಡುವ ಗ್ರೀಟಿಂಗ್ ಕಾರ್ಡನ್ನು ಕತ್ತರಿಸಲು ಕೊಡುವವರಿದ್ದಾರೆ. ಅದರೊಳಗಿನ ಬಿಲ್ಲೆಯಂಥ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟೀತು. ‘ನಾಳೆ ಹೊರಗೆ ಬರುತ್ತೆ ಬಿಡಿ’ ಎನ್ನುವವರ ಮಾತು ಕೇಳದೆ ಆಸ್ಪತ್ರೆಗೆ ಓಡಿ.

ಮಗಳಿಗೆ ಬೆಂಡೆಕಾಯಿ ಅಚ್ಚು ಕೊಡಿ. ಪಲ್ಯಕ್ಕೆ ಹೆಚ್ಚುವಾಗ ತೊಟ್ಟಿನ ಕಡೆಯ ಎರಡು ಇಂಚು ಉಳಿಸಿದರೆ ತೊಟ್ಟೇ ಹಿಡಿಕೆ. ಬೀಟ್‌ರೂಟ್ ನೀರು ಬೆರೆಸಿದ ಗಂಜಿಯಲ್ಲಿ ಅದ್ದಿ ಒತ್ತಿದರೆ ಐದು ಮೂಲೆಯ ಹೂವು. ತಿಪ್ಪರಲಾಗ ಹಾಕಿದರೂ ಅಷ್ಟು ಚೆಂದದ ಹೂವು ನನ್ನ ಕೈಯಲ್ಲಿ ಬರದು.

ಪ್ರಶ್ನೆ: ಅಕ್ಕಾರ, ಮೊಮ್ಮಗಗ ಎರಡು ವರ್ಷ. ನಾವು ಸಣ್ಣವರಿದ್ದಾಗ ಮಣ್ಣೆತ್ತಿನ ಅಮಾಸಿಗೆ ಎರಿಮಣ್ಣು ತಂದು ನಾವ ಎತ್ತು ಮಾಡ್ತಿದ್ವಿ. ಈಗ ಬಣ್ಣ ಹಚ್ಚಿದ್ದ ಸಂತ್ಯಾಗ ಸಿಗತಾವ. ಹುಡುಗನ ಕೈಲೆ ಮಾಡಸೋಣ ಅಂದ್ರ ಸೊಸಿ ‘ಮಣ್ಣು ಹೊಲಸು, ಜಂತ ಆಗತಾವ’ ಅಂತಾಳ. ಯಾರ ಮಾತು ಖರೆ?
— ಒಬ್ಬ ಅಜ್ಜಿ, ಧಾರವಾಡ

ಉತ್ತರ: ಇಬ್ಬರದೂ ಖರೆ ಅಮ್ಮಾ. ನಾಯಿ ಬೆಕ್ಕು ಓಡಾಡುವ ಜಾಗದ ಮಣ್ಣು, ತಿಪ್ಪೆಯ ಹತ್ತಿರದ ಮಣ್ಣು ಬೇಡವೇ ಬೇಡ. ಹೊಲದ ಎರೆಮಣ್ಣನ್ನು ಎರಡು ಮೂರು ದಿನ ಬಿಸಿಲಿಗೆ ಹರವಿ, ಕುಟ್ಟಿ, ಜರಡಿ ಹಿಡಿದು, ರಾತ್ರಿ ನೆನೆಹಾಕಿ. ಕುಂಬಾರರ ಮನೆಯ ಹದ ಮಾಡಿದ ಮಣ್ಣು ಸಿಕ್ಕರೆ ಇನ್ನೂ ಸುಖ. ಉಗುರು ಕತ್ತರಿಸಿರಲಿ, ಆಟ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಸಿ. ಜಂತುಹುಳುವಿನ ಔಷಧಿಯನ್ನು ಒಂದು ವರ್ಷ ತುಂಬಿದ ಮಕ್ಕಳಿಗೆ ಅಂಗನವಾಡಿಯಲ್ಲೇ ಕೊಡುತ್ತಾರೆ, ತಪ್ಪಿಸಬೇಡಿ ಎಂದು ಸೊಸೆಗೆ ಹೇಳಿ.

ಹದ ನಿಮಗೆ ಗೊತ್ತಿರುವುದೇ. ಉಂಡೆಯ ಮೇಲೆ ಹೆಬ್ಬೆರಳು ಒತ್ತಿದಾಗ ಅಂಚು ಬಿರಿಯಬಾರದು, ಮಣ್ಣು ಕೈಗೆ ಅಂಟಲೂಬಾರದು. ಎರಡು ವರ್ಷದ ಕೈಗೆ ಎತ್ತು ಬರುವುದಿಲ್ಲ. ಗ್ವಾದಲಿ ಬರುತ್ತದೆ! ಉಂಡೆ ಕೊಟ್ಟು, ನಡುವೆ ಹೆಬ್ಬೆರಳು ಊರಿಸಿದರೆ ತಗ್ಗು, ಅದೇ ಗ್ವಾದಲಿ. ಎತ್ತು ನೀವು ಮಾಡಿ, ಹೆಗಲ ಮೇಲಿನ ಇಣಿಯೊಂದನ್ನು ಅವನಿಗೆ ಬಿಡಿ. ಸಣ್ಣ ಉಂಡೆಗೆ ನೀರು ಸವರಿ ಕೊಟ್ಟರೆ ಅವನು ಬಾಲದ ಮೇಲೆಯೇ ಅಂಟಿಸಿಯಾನು. ತಿದ್ದಬೇಡಿ. ಕಣ್ಣಿಗೆ ಗುಲಗಂಜಿ ಚೆಂದ ಕಾಣುತ್ತದೆ ನಿಜ, ಆದರೆ ಈ ಮನೆಯಲ್ಲಿ ಕಡ್ಡಿಯ ಚುಕ್ಕೆಯೇ ಸಾಕು. ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತದೆ. ಗ್ವಾದಲಿಗೆ ಹುಲ್ಲು ಹಾಕುವ ಕೆಲಸವೂ ಅವನದೇ.

ಮಣ್ಣಿನ ಬದಲು ಮೈದಾ-ಉಪ್ಪಿನ ಹಿಟ್ಟು ಎಂದು ಸೊಸೆ ಅಂದರೆ ಒಪ್ಪಬೇಡಿ. ಅದರಲ್ಲಿ ಎರಡು ಪಾಲು ಮೈದಾಕ್ಕೆ ಒಂದು ಪಾಲು ಉಪ್ಪು. ಮುದ್ದೆ ಮುದ್ದೆ ನುಂಗುವ ವಯಸ್ಸಿಗೆ ಅಷ್ಟು ಉಪ್ಪು ಅಪಾಯ. ಚಪಾತಿ ಹಿಟ್ಟೇ ವಾಸಿ.

ಪ್ರಶ್ನೆ: ಮಗ ಪ್ರೀ-ಕೆಜಿ. ಶಾಲೆಯಿಂದ ವಾರಕ್ಕೊಂದು ‘ಪ್ರಾಜೆಕ್ಟ್’. ಥರ್ಮಾಕೋಲಿನ ಇಗ್ಲೂ ಮಾಡಿ ಮುಗಿಸುವಾಗ ರಾತ್ರಿ ಹನ್ನೊಂದು. ಸುಲಭದ ಉಪಾಯ ಹೇಳಿ.
— ಒಬ್ಬ ತಾಯಿ, ಮೈಸೂರು

ಉತ್ತರ: ನಿದ್ದೆ ಮಾಡಿ. ಮಗ ಅಂಟಿಸಿದ್ದು ಎಷ್ಟೇ ಸೊಟ್ಟಗಿರಲಿ ಅದನ್ನೇ ಕಳಿಸಿ, ಹಿಂದೆ ‘ಇದು ಪೂರ್ತಿ ಅವನೇ ಮಾಡಿದ್ದು’ ಎಂದು ಬರೆದು ನಿಮ್ಮ ಸಹಿ ಹಾಕಿ. ಇಗ್ಲೂವನ್ನು ಮೈಸೂರಿನ ಮೂರು ವರ್ಷದ ಹುಡುಗ ಏಕೆ ಕಟ್ಟಬೇಕೋ ನನಗೆ ತಿಳಿಯದು. ಥರ್ಮಾಕೋಲಿನ ಗುಂಡುಗಳು ಮೂಗಿಗೂ ಹೋಗುತ್ತವೆ, ಅದನ್ನೂ ಬರೆಯಿರಿ.

ಪ್ರಶ್ನೆ: ಮೂರೂವರೆ ವರ್ಷದ ಅವಳಿಗಳು. ಮಳೆ ಹಿಡಿದರೆ ವಾರಗಟ್ಟಲೆ ಒಳಗೇ. ಪೇಟೆ ದೂರ, ಮನೆಯಲ್ಲಿರುವುದರಲ್ಲೇ ಏನಾದರೂ ಹೇಳಿ ಅಕ್ಕಾ.
— ಒಬ್ಬ ತಾಯಿ, ಶಿರಸಿ ಹತ್ತಿರದ ಹಳ್ಳಿ

ಉತ್ತರ: ಸಾಂಬಾರು ಚೆಲ್ಲಿದ ಅಂಗಿಗೆ ಸೋಪು ತಿಕ್ಕಿದಾಗ ಕಲೆ ಕೆಂಪಾಗುವುದನ್ನು ನೋಡಿದ್ದೀಯಲ್ಲ ತಂಗಿ? ಅದೇ ಆಟ. ಕ್ಷಾರ ತಾಗಿದರೆ ಅರಿಸಿನ ಕೆಂಪಾಗುತ್ತದೆ. ಕುಂಕುಮ, ಓಕುಳಿ ನೀರು ಎಲ್ಲ ಇದೇ ಗುಟ್ಟಿನಿಂದ. ಆರತಿಗೆ ಓಕುಳಿ ಮಾಡಲು ಸುಣ್ಣ ಬೆರೆಸುತ್ತೇವೆ, ಮಕ್ಕಳ ಕೈಗೆ ಮಾತ್ರ ಸುಣ್ಣ ಕೊಡಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಅಡುಗೆ ಸೋಡಾ ಸಾಕು.

ದಪ್ಪ ಬಿಳಿ ಹಾಳೆಗೆ ಅರಿಸಿನ ನೀರು ಸವರಿ ಒಲೆಯ ಹತ್ತಿರ ಒಣಗಿಸು. ಅರ್ಧ ಲೋಟ ನೀರಿಗೆ ಒಂದು ಚಮಚ ಸೋಡಾ ಕದಡಿ ಎರಡು ಬಟ್ಟಲಿಗೆ ಹಾಕು. ಅವಳಿಗಳಿಗೆ ಒಂದೇ ಬಟ್ಟಲು ಕೊಟ್ಟರೆ ಏನಾಗುತ್ತದೆಂದು ನಿನಗೇ ಗೊತ್ತು. ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಕೊಡು. ಬಣ್ಣವಿಲ್ಲದ ನೀರಿನಲ್ಲಿ ಗೆರೆ ಎಳೆಯುತ್ತಾರೆ, ಗೆರೆ ಕೆಂಪಾಗಿ ಏಳುತ್ತದೆ. ಮೊದಲ ಗೆರೆಗೆ ಇಬ್ಬರೂ ಕಡ್ಡಿಯ ತುದಿಯನ್ನೇ ತಿರುಗಿಸಿ ನೋಡುತ್ತಾರೆ, ಬಣ್ಣ ಎಲ್ಲಿತ್ತು ಎಂದು. ಆಮೇಲೆ ನಿಂಬೆಹೋಳು ಕೊಡು. ಅದನ್ನು ಒತ್ತಿದಲ್ಲೆಲ್ಲ ಕೆಂಪು ಅಳಿದು ಮತ್ತೆ ಹಳದಿ. ಒಂದು ಮಧ್ಯಾಹ್ನ ಕಳೆದೀತು.

ಬಟ್ಟೆಗೆ ಕಲೆಯಾಗುವುದು ಖಂಡಿತ. ಹಳೆಯ ಲಂಗವನ್ನೇ ತೊಡಿಸು. ಮಳೆ ಬಿಟ್ಟ ದಿನ ಒಗೆದು ಬಿಸಿಲಿಗೆ ಹರವಿದರೆ ಕಲೆ ಮಾಸುತ್ತದೆ, ಅರಿಸಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಚಿತ್ರಕ್ಕೂ ಅದೇ ಗತಿ. ಉಳಿಸಿಕೊಳ್ಳಬೇಕೆನಿಸಿದರೆ ಕಿಟಕಿಯ ಹತ್ತಿರ ತೂಗುಹಾಕದೆ ಪುಸ್ತಕದೊಳಗೆ ಇಡು.