ಕಪ್ಪು ಪರದೆ ಕಂಡ ಕೂಡಲೇ ಫಾರ್ಮ್ಯಾಟ್ ಹೊಡೀಬೇಡ

ನೋಡು ಮರಿ, ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದೀಯ ಅಂತ ಕೇಳಿ ಸಂತೋಷ ಆಯ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗೀತು. ವಿಂಡೋಸ್ 11 ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲದ ಮಶೀನನ್ನ ಹೊಸಿಲು ದಾಟಿಸಲ್ಲ. ಹೊಸದು ಕೊಡಿಸಪ್ಪ ಅಂದ್ರೆ ನಿಮ್ಮಪ್ಪ ಈ ಸಲದ ಮೆಕ್ಕೆಜೋಳದ ರೇಟು ತೋರಿಸ್ತಾನೆ. ಹಾಗಾಗಿ ನೀನು ಮಾಡಿದ್ದು ಜಾಣತನವೇ. ಆದರೆ ಮೊದಲು ಉಬುಂಟು, ಆಮೇಲೆ ಮಿಂಟ್, ಆಮೇಲೆ ಫೆಡೋರಾ, ಈಗ ಮತ್ತೆ ಮಿಂಟ್! ಇದೇನು ಕೊಟ್ಟೂರು ಜಾತ್ರೇಲಿ ಅಂಗಡಿ ಅಂಗಡಿ ಸುತ್ತೋದಾ? ಬುದ್ಧಿವಂತ ನೀನು, ಅದರಲ್ಲಿ ಎರಡು ಮಾತಿಲ್ಲ. ಕೂತು ನೋಡೋ ಪುರುಸೊತ್ತು ಮಾತ್ರ ನಿನಗಿಲ್ಲ.

ಕಪ್ಪು ಪರದೆಯಿಂದಲೇ ಶುರು ಮಾಡೋಣ. ನಿನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟು ಕಾಲ ಆಯ್ತೋ, ವೈರ್ ಚುಚ್ಚಿಕೊಂಡೇ ಓಡಬೇಕು. ನಮ್ಮ ಕಡೆ ಕರೆಂಟು ಹೇಳಿ ಕೇಳಿ ಹೋಗಲ್ಲ. ಕೆಲಸದ ನಡುವೆ ಟಪ್ ಅಂತ ಹೋಯ್ತು. ಬೆಳಗ್ಗೆ ಆನ್ ಮಾಡಿದ್ರೆ ಬರೀ ಬಿಳಿ ಅಕ್ಷರಗಳ ಸಾಲು, ಕೊನೇಲಿ ಬ್ರ್ಯಾಕೆಟ್ಟಿನಲ್ಲಿ 'ಇನಿಟ್‌ರಾಮ್‌ಎಫ್‌ಎಸ್' ಅನ್ನೋ ಒಂದು ಪದ. ನೀನು ತಕ್ಷಣ ಪೆನ್‌ಡ್ರೈವ್ ಹುಡುಕೋಕೆ ಹೊರಡ್ತೀಯ. ನಿಲ್ಲು. ಆ ಪದದ ಮೇಲಿನ ಎರಡು ಮೂರು ಸಾಲು ಓದಿದೆಯಾ? ಯಾವ ಪಾರ್ಟಿಷನ್ನಿನ ಲೆಕ್ಕ ತಪ್ಪಿದೆ ಅಂತ ಹೆಸರು ಹಿಡಿದು ಹೇಳಿರುತ್ತೆ. ಎಫ್‌ಎಸ್‌ಸಿಕೆ ಅನ್ನೋದನ್ನ ನೀನೇ ಓಡಿಸು ಅಂತ ಮದ್ದನ್ನೂ ಹೇಳಿರುತ್ತೆ. ಆ ನಾಲ್ಕು ಅಕ್ಷರ ಒತ್ತು, ಒಂದು ಜಾಗ ಬಿಡು, ಅದೇ ಪಾರ್ಟಿಷನ್ನಿನ ಹೆಸರನ್ನ ಅಲ್ಲಿರೋ ಹಾಗೇ ಬರಿ, ಎಂಟರ್. ಸರಿ ಮಾಡಲಾ ಅಂತ ಕೇಳಿದ್ದಕ್ಕೆ 'ವೈ' ಅನ್ನು. ಮುಗಿದ ಮೇಲೆ ರೀಬೂಟ್. ಬಹಳ ಸಲ ಅಷ್ಟೇ ಕಥೆ.

ಎಕ್ಸ್‌ಟಿ4 ಅನ್ನೋ ಫೈಲ್ ವ್ಯವಸ್ಥೆ ಡಿಸ್ಕಿನ ಲೆಕ್ಕ ಬದಲಿಸೋ ಮುಂಚೆ ಏನು ಬದಲಿಸ್ತೀನಿ ಅಂತ ಒಂದು ಕಡೆ ಟಿಪ್ಪಣಿ ಇಟ್ಟುಕೊಂಡಿರುತ್ತೆ. ಕರೆಂಟ್ ಹೋದರೂ ಮರುಸಲ ಆ ಟಿಪ್ಪಣಿ ನೋಡಿ ತಾನೇ ಸರಿ ಮಾಡಿಕೊಳ್ಳುತ್ತೆ. ಅದರ ಕೈಲಿ ಆಗದಿದ್ದಾಗ ಮಾತ್ರ ನಿನ್ನ ಕರೆಯೋದು. ಕರೆದಾಗ ನೀನು ಮನೆಯನ್ನೇ ಕೆಡವಿದ್ರೆ ಹೆಂಗೆ? ಹಾಂ, ಇದೇ ರಗಳೆ ವಾರವಾರ ಬರ್ತಿದ್ರೆ ಡಿಸ್ಕೇ ಸಾಯ್ತಾ ಇರಬಹುದು. ಆಗ ಮೊದಲು ಫೈಲುಗಳನ್ನ ಬೇರೆ ಕಡೆ ಕಾಪಿ ಮಾಡು, ರಿಪೇರಿ ಆಮೇಲೆ.

ಮೈಲಾರದ ಕಾರ್ಣಿಕ ನೋಡಿದೀಯಲ್ಲ? ಗೊರವಯ್ಯ ಬಿಲ್ಲೇರಿ 'ಸದ್ದಲೇ' ಅಂತಾನೆ, ಅಷ್ಟು ಜನ ಗಪ್ಪಾಗ್ತಾರೆ, ಒಂದು ಸಾಲು ನುಡಿದು ಕೆಳಗೆ ಬೀಳ್ತಾನೆ. ಅದರಲ್ಲಿ ರೈತನಿಗೆ ಮಳೆ ಕಾಣುತ್ತೆ, ರಾಜಕಾರಣಿಗೆ ಕುರ್ಚಿ ಕಾಣುತ್ತೆ. ಕಂಪ್ಯೂಟರ್ ಹೇಳೋದು ಹಂಗಲ್ಲ ಮರಿ. ಜಾಗ ಇಲ್ಲ ಅಂದ್ರೆ ಜಾಗ ಇಲ್ಲ, ಅನುಮತಿ ಇಲ್ಲ ಅಂದ್ರೆ ಅನುಮತಿ ಇಲ್ಲ. ಆದ್ರೆ ನೀನು ಕಾರ್ಣಿಕಕ್ಕೆ ಕೊಡೋ ಗಮನದಲ್ಲಿ ಕಾಲು ಭಾಗನೂ ಅದಕ್ಕೆ ಕೊಡಲ್ಲ. ಇಂಗ್ಲಿಷು ಅಂತ ಹೆದರಿಕೆನಾ? ಕಾಲೇಜಿನ ಪುಸ್ತಕದಲ್ಲಿರೋದಕ್ಕಿಂತ ಸಲೀಸಾದ ಇಂಗ್ಲಿಷು ಅದು.

ಇನ್ನೊಂದು ಚಾಳಿ ಬಿಡು. ವೈಫೈ ಹಿಡೀಲಿಲ್ಲ ಅಂದ ಕೂಡಲೇ ಎಲ್ಲೋ ಸಿಕ್ಕ ಹತ್ತು ಸಾಲು ಕಮ್ಯಾಂಡನ್ನ ಸುಡೊ ಸಮೇತ ಟರ್ಮಿನಲ್ಲಿಗೆ ಸುರೀತೀಯ. ಸುಡೊ ಅಂದ್ರೆ ಮನೆ ಬೀಗದ ಕೈ ಕೊಟ್ಟ ಹಾಗೆ, ಯಾರಿಗೆ ಕೊಡ್ತಿದೀಯ ನೋಡ್ಕೊ. ಎಷ್ಟೋ ಹಳೇ ಲ್ಯಾಪ್‌ಟಾಪಿನಲ್ಲಿ ಬ್ರಾಡ್‌ಕಾಮ್ ವೈಫೈ ಚಿಪ್ ಇರುತ್ತೆ, ಅದಕ್ಕೆ ಬೇರೆ ಡ್ರೈವರ್ ಬೇಕು. ಡ್ರೈವರ್ ಇಳಿಸೋಕೆ ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು ಅಂತ ತಲೆ ಮೇಲೆ ಕೈ ಹೊತ್ತು ಕೂರಬೇಡ. ಫೋನನ್ನ ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸು, ಟೆದರಿಂಗ್ ಆನ್ ಮಾಡು, ಮಿಂಟಿನ ಡ್ರೈವರ್ ಮ್ಯಾನೇಜರ್ ತೆರೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಒಟ್ಟಿಗೆ ಮಾಡಿದ್ರೆ ಯಾವುದು ಕೆಡಿಸ್ತು, ಯಾವುದು ಸರಿ ಮಾಡ್ತು ಅಂತ ಬ್ರಹ್ಮನಿಗೂ ತಿಳಿಯಲ್ಲ. ಕೈ ಹಾಕೋ ಮುಂಚೆ ಟೈಮ್‌ಶಿಫ್ಟಿನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡು. ಅದು ಕಾಯೋದು ವ್ಯವಸ್ಥೆಯನ್ನ ಮಾತ್ರ. ಅಕ್ಕನ ಮದುವೆ ಫೋಟೋ ಅದರಲ್ಲಿ ಇರಲ್ಲ. ಅವನ್ನ ಬೇರೆ ಡ್ರೈವಿಗೆ ಹಾಕು.

ವಿಂಡೋಸೂ ಇರಲಿ, ಲಿನಕ್ಸೂ ಇರಲಿ ಅಂತ ಎರಡನ್ನೂ ಇಟ್ಟುಕೊಂಡೋರಿಗೆ ಒಂದು ಮಾತು. ವಿಂಡೋಸಿಗೆ ಹೋದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಇದ್ರೆ ಸೆಲ್ ಹೋಯ್ತು ಅಂತ ಅಂಗಡಿಗೆ ಓಡಬೇಡ. ಲಿನಕ್ಸು ಮದರ್‌ಬೋರ್ಡಿನ ಗಡಿಯಾರದಲ್ಲಿ ಜಾಗತಿಕ ಸಮಯ ಇಡುತ್ತೆ, ವಿಂಡೋಸು ಅದನ್ನೇ ನಮ್ಮೂರ ಸಮಯ ಅಂದುಕೊಳ್ಳುತ್ತೆ. ಇಬ್ಬರಲ್ಲಿ ಒಬ್ಬರಿಗೆ ಹೇಳಿ ಒಪ್ಪಿಸಿದ್ರೆ ಸಾಕು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ಪನ್ನೂ ಆರಿಸಿಬಿಡು. ಅದು ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿ ಇರೋದಕ್ಕೇ ಲಿನಕ್ಸಿನಿಂದ ವಿಂಡೋಸಿನ ಡ್ರೈವಿಗೆ ಬರೆಯೋಕೆ ಆಗದಿರೋದು.

ಈಗ ಕನ್ನಡಕ್ಕೆ ಬಾ. 'ಲಿನಕ್ಸಲ್ಲಿ ಕನ್ನಡ ಕೆಟ್ಟೋಗುತ್ತೆ' ಅಂತ ಊರೆಲ್ಲ ಡಂಗೂರ ಹೊಡೆದೆಯಂತೆ. ಕೆಟ್ಟಿರೋದು ಲಿನಕ್ಸಲ್ಲ. ಡಿಟಿಪಿ ಅಂಗಡಿಯೋರು ಕೊಟ್ಟ ಹಳೇ ನುಡಿ ಫೈಲಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಇರೋದು ಇಂಗ್ಲಿಷಿನ ಸಂಕೇತಗಳು, ಅವಕ್ಕೆ ಕನ್ನಡದ ವೇಷ ಹಾಕೋದು ಆ ಫಾಂಟು. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತೆ, ವಿಂಡೋಸಲ್ಲೂ ಅಷ್ಟೇ. ತುರ್ತಿಗೆ ಆ ನುಡಿ ಫಾಂಟನ್ನೇ ಹಾಕ್ಕೊ, ಲಿಬ್ರೆಆಫೀಸಿನಲ್ಲಿ ಕಾಣುತ್ತೆ. ಬಾಳಿಕೆ ಬರಬೇಕು, ಹುಡುಕಿದ್ರೆ ಸಿಗಬೇಕು ಅಂದ್ರೆ ಯೂನಿಕೋಡಿಗೆ ಬದಲಿಸು. ಅರವಿಂದ ವಿ.ಕೆ. ಅವರು ಅದಕ್ಕೊಂದು ಪರಿವರ್ತಕ ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದಾರೆ, ಸಂಚಯ ಅನ್ನೋ ಕನ್ನಡ ತಂತ್ರಜ್ಞಾನ ಬಳಗದೋರ ಹತ್ತಿರ ಸಿಗುತ್ತೆ. ಗುಬ್ಬಿ, ನವಿಲು ಅನ್ನೋ ಫಾಂಟುಗಳೂ ಹಂಗೇ ಬಂದೋವು. ಉಬುಂಟು, ಡೆಬಿಯನ್ನಿನ ಭಂಡಾರದಲ್ಲೇ ಇವೆ. ಟೈಪಿಂಗ್ ಹೊಸದಾಗಿ ಕಲೀಬೇಕಾ ಅಂತ ಮುಖ ಕಿವುಚಬೇಡ. ಐಬಸ್ ಹಾಕಿ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅನ್ನೋದನ್ನ ಆರಿಸು. ಕೆ.ಪಿ. ರಾವ್ ಅವರು ರೂಪಿಸಿದ, ನೀನು ನುಡಿಯಲ್ಲಿ ಕಲಿತ ಅದೇ ಬೆರಳಾಟ. 'ಕೆ' ಒತ್ತಿದ್ರೆ ಕ, ನಡುವೆ 'ಎಫ್' ಹಾಕಿದ್ರೆ ಒತ್ತಕ್ಷರ.

ಮುಕ್ತ ತಂತ್ರಾಂಶ ಅಂತ ಕುರುಡು ಭಕ್ತಿನೂ ಬೇಡ. ಹಗರಿಬೊಮ್ಮನಹಳ್ಳೀಲೋ ಹಡಗಲೀಲೋ ಫ್ಲೆಕ್ಸ್, ಲಗ್ನಪತ್ರಿಕೆ ಅಂಗಡಿ ಇಡ್ತೀನಿ ಅಂತಿದ್ರೆ ಇಂಕ್‌ಸ್ಕೇಪ್, ಸ್ಕ್ರೈಬಸ್ ಖಂಡಿತ ಕಲಿ. ಆದರೆ ಗಿರಾಕಿ ತರೋದು ಕೋರಲ್ ಡ್ರಾ ಫೈಲು, ಅದನ್ನ ಮರೀಬೇಡ. ಅಂಗಡಿ ಅಂಗಡೀಲಿ ಕಾಣೋ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರು ತನ್ನದೇ ಬೇರೆ ಭಾಷೆ ಆಡುತ್ತೆ, ಲಿನಕ್ಸಿನಲ್ಲಿ ಅದನ್ನ ಮಾತಾಡಿಸೋಕೆ ತಾಳ್ಮೆ ಬೇಕು. ಪ್ರಿಂಟರ್ ಕೊಳ್ಳೋ ಮುಂಚೆಯೇ ವಿಚಾರಿಸು, ದುಡ್ಡು ಕೊಟ್ಟ ಮೇಲಲ್ಲ. ಹೊಸ ಆವೃತ್ತಿ ಹಾಕುವಾಗಲೂ ಅಷ್ಟೇ: ಮೊದಲು ಪೆನ್‌ಡ್ರೈವಿನಿಂದಲೇ ಲೈವ್ ಓಡಿಸಿ ವೈಫೈ, ಸೌಂಡು, ಪ್ರಿಂಟು ನೋಡು. ಡಿಸ್ಕ್ ಮುಟ್ಟದೆ ನೋಡೋ ಅವಕಾಶ ಪುಕ್ಕಟೆ ಇರುವಾಗ ಅವಸರ ಯಾಕೆ? ಎರಡು ವರ್ಷಕ್ಕೊಂದು ಬರೋ ಎಲ್‌ಟಿಎಸ್ ಆವೃತ್ತಿ ಹಾಕಿದ್ರೆ ಐದು ವರ್ಷ ಅಪ್‌ಡೇಟ್ ಸಿಗುತ್ತೆ. ತಣ್ಣಗೆ ಕೂತು ಓದ್ಕೊ.

ಇಷ್ಟಾದ ಮೇಲೂ ಬಗೆಹರೀಲಿಲ್ಲ ಅಂದ್ರೆ ಕೇಳು, ನಾಚಿಕೆ ಬೇಡ. ಆದ್ರೆ ರಾತ್ರಿ ಹನ್ನೊಂದಕ್ಕೆ 'ಲಿನಕ್ಸ್ ಓಡ್ತಿಲ್ಲ, ಅರ್ಜೆಂಟ್' ಅಂತ ಒಂದು ಸಾಲು ಹಾಕಿ ಕಾಯಬೇಡ. ಯಾವ ಮಾಡೆಲ್ಲು, ಯಾವ ಆವೃತ್ತಿ, ಕೆಡೋ ಮುಂಚೆ ಏನು ಮಾಡಿದೆ, ಪರದೆ ಮೇಲೆ ಏನಿದೆ, ಅಕ್ಷರ ಬಿಡದೆ ಬರಿ. 'ಏನೂ ಮಾಡಿಲ್ಲ' ಅನ್ನೋ ಸುಳ್ಳು ಮಾತ್ರ ಬೇಡ, ಎಲ್ಲರೂ ಅದನ್ನೇ ಹೇಳೋದು. ಅರ್ಧ ಸಲ ಬರೀತಾ ಬರೀತಾನೇ ಉತ್ತರ ಹೊಳೆಯುತ್ತೆ. ಸರಿಹೋದ ಮೇಲೆ ಹೆಬ್ಬೆರಳು ತೋರಿಸಿ ಮಾಯ ಆಗಬೇಡ; ಏನು ಮಾಡಿದ್ದಕ್ಕೆ ಸರಿಹೋಯ್ತು ಅಂತ ಕನ್ನಡದಲ್ಲೇ ನಾಲ್ಕು ಸಾಲು ಬರೆದಿಡು. ನಾಳೆ ಹರಪನಹಳ್ಳೀಲಿ ಇನ್ನೊಬ್ಬ ಇದೇ ಕಪ್ಪು ಪರದೆ ಮುಂದೆ ಪೆನ್‌ಡ್ರೈವ್ ಹಿಡಿದು ಕೂತಿರ್ತಾನೆ.