ಹೆಗಲಿನ ಎಲುಬು ದವಡೆಯಾಗುವ ಬಗೆ

ದವಡೆಯ ಅರ್ಬುದರೋಗಕ್ಕೆ, ಅಂದರೆ ಕ್ಯಾನ್ಸರಿಗೆ, ಶಸ್ತ್ರಕ್ರಿಯೆ ಅಗತ್ಯವೆಂದು ವೈದ್ಯರು ತಿಳಿಸಿದಾಗ ಮನೆಯವರಿಗೆಲ್ಲ ಎರಡು ಚಿಂತೆಗಳು ಹುಟ್ಟುತ್ತವೆ. ದವಡೆ ತೆಗೆದ ಮೇಲೆ ಮುಖ ಹೇಗಾದೀತು, ಉಣ್ಣುವುದು ಮಾತಾಡುವುದು ಹೇಗೆ ಎಂಬುದು ಒಂದು. ಬೆನ್ನಿನಿಂದ ತೆಗೆದ ಎಲುಬನ್ನು ಬಾಯಿಗೆ ಜೋಡಿಸುತ್ತಾರಂತೆ, ಅದು ಅಲ್ಲಿ ಬದುಕೀತೇ ಎಂಬುದು ಇನ್ನೊಂದು. ಈ ಅಂಜಿಕೆಯಿಂದ ಶಸ್ತ್ರಕ್ರಿಯೆಯನ್ನು ಮುಂದೂಡುವವರುಂಟು. ಮುಂದೂಡಿದಷ್ಟೂ ರೋಗ ಬೆಳೆಯುತ್ತದೆ. ಆದುದರಿಂದ ಎರಡನೆಯ ಪ್ರಶ್ನೆಯನ್ನೇ ನಾವು ಮೊದಲು ಎತ್ತಿಕೊಳ್ಳೋಣ. ಅದರ ಉತ್ತರದ ಬೇರು ನಮ್ಮ ಪುಣೆಯ ಆಸುಪಾಸಿನಲ್ಲಿಯೇ ಇದೆ.

1792ರಲ್ಲಿ ಮುಗಿದ ಮೂರನೆಯ ಮೈಸೂರು ಯುದ್ಧದಲ್ಲಿ ಕಾವಸ್‌ಜಿ ಎಂಬ ಮರಾಠನೊಬ್ಬನು ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುವ ಕೆಲಸದಲ್ಲಿದ್ದನು. ಟೀಪೂ ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತೆಂದು ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಪ್ರಕಟವಾಯಿತು. ವರ್ಷಕ್ಕೂ ಮೀರಿ ಮೂಗಿಲ್ಲದೆ ಕಳೆದ ಅವನಿಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದವನೊಬ್ಬನು ಹೊಸ ಮೂಗು ಕಟ್ಟಿಕೊಟ್ಟನು. ಆ ಕುಶಲನ ಹೆಸರನ್ನು ಪತ್ರಿಕೆ ಬರೆಯಲಿಲ್ಲ. ಅವನ ಕ್ರಮವನ್ನು ಮಾತ್ರ ವಿವರವಾಗಿ ಬರೆಯಿತು.

ಮೇಣದ ತೆಳುವಾದ ಹಾಳೆಯನ್ನು ಮೂಗಿನ ಸ್ಥಳಕ್ಕೆ ಹೊಂದಿಸಿ, ಬಳಿಕ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆಯುವುದು. ಗೆರೆಯೊಳಗಿನ ಚರ್ಮವನ್ನು ಬಿಡಿಸುವುದು. ಆದರೆ ಎರಡು ಕಣ್ಣುಗಳ ನಡುವಣ ಸಣ್ಣ ಪಟ್ಟಿಯನ್ನು ಕತ್ತರಿಸದೆ ಉಳಿಸುವುದು. ಚರ್ಮವನ್ನು ತಿರುವಿ ಕೆಳಗಿಳಿಸಿ ಮೂಗಿನ ಅಂಚಿಗೆ ಕೂಡಿಸಿ, ನೀರಿನಲ್ಲಿ ಮೆತ್ತಗಾದ ಕಾಚನ್ನು ಬಟ್ಟೆಯ ತುಂಡುಗಳಿಗೆ ಸವರಿ ಮೇಲೆ ಹಚ್ಚುವುದು. ನಾಲ್ಕು ದಿನಗಳ ತರುವಾಯ ತುಪ್ಪದ ಬಟ್ಟೆ. ಸುಮಾರು 25ನೆಯ ದಿನ ಆ ಪಟ್ಟಿಯನ್ನು ಕತ್ತರಿಸುವುದು. ಇದೇ ಕ್ರಮವನ್ನು ಅನುಸರಿಸಿ 1814ರಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಲಂಡನ್ನಿನಲ್ಲಿ ಮೂಗು ಕಟ್ಟಿದನು.

ಗುಟ್ಟೆಲ್ಲ ಆ ಸಣ್ಣ ಪಟ್ಟಿಯಲ್ಲಿದೆ. ಅದರೊಳಗಿನ ರಕ್ತನಾಳಗಳೇ ಚರ್ಮವನ್ನು ಜೀವಂತವಾಗಿಟ್ಟವು. ಮಾವಿನ ಕಸಿ ಕಟ್ಟುವಾಗ ಸಸಿಯನ್ನು ತಾಯಿಮರದ ಕೊಂಬೆಗೆ ಬಿಗಿದು, ಎರಡೂ ಕೂಡಿಕೊಂಡ ಮೇಲಷ್ಟೇ ಕೊಂಬೆಯನ್ನು ಬೇರ್ಪಡಿಸುವುದಿಲ್ಲವೇ? ಇದೂ ಹಾಗೆಯೇ.

ಆದರೆ ದವಡೆಗೆ ಚರ್ಮವೊಂದೇ ಸಾಲದು, ಎಲುಬೂ ಬೇಕು. ಹೆಗಲಿನ ಹಿಂದೆ, ಬೆನ್ನಿನ ಮೇಲ್ಭಾಗದಲ್ಲಿ ತ್ರಿಕೋನಾಕಾರದ ಚಪ್ಪಟೆ ಎಲುಬೊಂದಿದೆ. ಅದರ ಹೊರ ಅಂಚಿನಿಂದ ಸುಮಾರು 10ರಿಂದ 14 ಸೆಂಟಿಮೀಟರ್ ಉದ್ದದ ತುಂಡನ್ನು ಪಡೆಯಬಹುದು. ಅಲ್ಲಿಂದ ಮುಖಕ್ಕೆ ಪಟ್ಟಿ ಉಳಿಸಿ ತರುವುದು ಸಾಧ್ಯವಿಲ್ಲ. ಆದುದರಿಂದ ಕಂಕುಳಿನ ಕಡೆಯಿಂದ ಆ ಎಲುಬಿಗೂ ಅದರ ಮೇಲಿನ ಚರ್ಮಕ್ಕೂ ರಕ್ತ ತರುವ ಧಮನಿಯನ್ನೂ ಮರಳಿ ಒಯ್ಯುವ ಸಿರೆಯನ್ನೂ ಕತ್ತರಿಸಿ, ಸೂಕ್ಷ್ಮದರ್ಶಕದ ಸಹಾಯದಿಂದ ಕೊರಳಿನ ರಕ್ತನಾಳಗಳಿಗೆ ಹೊಲಿಯುತ್ತಾರೆ. ರಕ್ತ ಹರಿಯತೊಡಗಿದೊಡನೆ ತುಂಡು ಹೊಸ ಸ್ಥಳದಲ್ಲಿ ಬದುಕುತ್ತದೆ. ದವಡೆಗೂ ಅಂಗುಳಿಗೂ ಈ ವಿಧಾನವನ್ನು 1986ರಲ್ಲಿ ಅಮೆರಿಕದ ಸ್ವಾರ್ಟ್ಜ್ ಮತ್ತು ಸಂಗಡಿಗರು ವಿವರಿಸಿದರು. ಎಲುಬು ಒಂದು ಕಡೆಗೆ, ಚರ್ಮ ಇನ್ನೊಂದು ಕಡೆಗೆ ತಿರುಗುವಷ್ಟು ಸಡಿಲವಿರುವುದು ಇದರ ವಿಶೇಷ. ಆದುದರಿಂದ ಎಲುಬೂ ಕೆನ್ನೆಯೂ ಒಟ್ಟಿಗೆ ಹೋದಲ್ಲಿ ಇದು ಬಹಳ ಉಪಯುಕ್ತ.

ದವಡೆಗೆ ಹೆಚ್ಚಾಗಿ ಬಳಸುವುದು ಮೊಣಕಾಲಿನ ಕೆಳಗಿನ ಸಣ್ಣ ಎಲುಬನ್ನು. ಆದರೆ ವಯಸ್ಸಾದವರಲ್ಲಿ, ಸಕ್ಕರೆ ರೋಗಿಗಳಲ್ಲಿ, ಧೂಮಪಾನಿಗಳಲ್ಲಿ ಕಾಲಿನ ಧಮನಿಗಳು ಕಿರಿದಾಗಿರುವುದುಂಟು. ಹೆಗಲಿನ ಧಮನಿಗಳಿಗೆ ಈ ದೋಷ ತಗಲುವುದು ಕಡಿಮೆ. ಕಾಲಿಗೆ ಗಾಯವಿಲ್ಲದ್ದರಿಂದ ರೋಗಿಯು ಬೇಗ ಎದ್ದು ನಡೆಯಬಲ್ಲನು. ತೊಡಕುಗಳೂ ಇವೆ. ರೋಗಿಯನ್ನು ಮಗ್ಗುಲಿಗೆ ತಿರುಗಿಸಬೇಕಾಗುವುದರಿಂದ ಶಸ್ತ್ರಕ್ರಿಯೆ ದೀರ್ಘವಾಗುತ್ತದೆ. ತೋಳನ್ನು ಮೇಲೆತ್ತುವ ಶಕ್ತಿ ಕೆಲಕಾಲ ಕುಗ್ಗುತ್ತದೆ. ಹೇಳಿಕೊಟ್ಟ ವ್ಯಾಯಾಮವನ್ನು ತಿಂಗಳುಗಟ್ಟಲೆ ಬಿಡದೆ ಮಾಡಬೇಕು.

ಮೊದಲ ಕೆಲವು ದಿನಗಳು ಮುಖ್ಯವಾದವು. ಜೋಡಿಸಿದ ಚರ್ಮದ ಬಣ್ಣ, ಬಿಸುಪುಗಳನ್ನು ದಾದಿಯರು ಹಗಲಿರುಳು ನೋಡುತ್ತಾರೆ. ನೀಲಿಗಟ್ಟಿದರೆ ಅಥವಾ ಬಿಳಚಿದರೆ ತಡಮಾಡದೆ ಮತ್ತೆ ತೆರೆದು ರಕ್ತದ ದಾರಿಯನ್ನು ಸರಿಪಡಿಸಬೇಕಾದೀತು. ರಾತ್ರಿ ಪದೇಪದೇ ಎಬ್ಬಿಸಿ ನೋಡಿದರೆ ಬೇಸರಿಸಬಾರದು. ಕಾವಸ್‌ಜಿಯ ಹಣೆಯ ಪಟ್ಟಿ ಮಾಡಿದ ಕಾವಲನ್ನೇ ಅವರು ಮಾಡುತ್ತಿದ್ದಾರೆ.

ಕೊನೆಯದಾಗಿ ಒಂದು ಮಾತು. ಎಲುಬನ್ನು ಬದುಕಿಸುವ ವಿದ್ಯೆ ಎಷ್ಟೇ ಬೆಳೆದರೂ ದವಡೆಯನ್ನು ಉಳಿಸಿಕೊಳ್ಳುವುದೇ ಲೇಸು. ತಂಬಾಕು ಮಾತ್ರವಲ್ಲ, ಅಡಿಕೆಯೂ ಬಾಯಿಯ ಅರ್ಬುದರೋಗಕ್ಕೆ ಕಾರಣವೆಂದು ಸಿದ್ಧವಾಗಿದೆ. ನಮ್ಮ ಮನೆಗಳಲ್ಲಿ ಊಟವಾದೊಡನೆ ತಟ್ಟೆ ಮುಂದೆ ಬರುವುದುಂಟಲ್ಲ, ಅದನ್ನು ಕುರಿತೇ ಈ ಮಾತು. ಬಾಯಿಯ ಹುಣ್ಣು ಎರಡು ವಾರಗಳಲ್ಲಿ ಮಾಯದಿದ್ದರೆ ವೈದ್ಯರಿಗೆ ತೋರಿಸಿರಿ. ಶಸ್ತ್ರಕ್ರಿಯೆಯೇ ಬೇಕೆಂದಾದರೆ, ಎಲ್ಲಿಯ ಎಲುಬು, ಏಕೆ ಅಲ್ಲಿಯದು, ಮುಂದೆ ಯಾವ ವ್ಯಾಯಾಮ ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಕೇಳಿ ತಿಳಿದುಕೊಂಡರೆ ಅಂಜಿಕೆ ಅರ್ಧ ಇಳಿಯುತ್ತದೆ.